ಲೋಡ್ ಶೀಟ್ ಬರೆದವನು ಪೈಲಟ್ ಆದ ಲೆಕ್ಕ: ನನ್ನ ಅನುಭವ

ದೇವನಹಳ್ಳಿಯ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸಕ್ಕೆ ಸೇರಿದಾಗ, ಅಲ್ಲಿಂದ ಪೈಲಟ್ ಆಗುತ್ತೇನೆಂಬ ನನ್ನ ಮಾತನ್ನು ನಂಬಿದವರು ಬಹುತೇಕ ಯಾರೂ ಇರಲಿಲ್ಲ. ಬ್ಯಾಗು ಎತ್ತಿದರೆ ಲಾಗ್‌ಬುಕ್ಕಿಗೆ ಒಂದು ನಿಮಿಷವೂ ಸೇರುವುದಿಲ್ಲ ಎಂಬುದು ಅವರ ವಾದ. ಅದು ಸರಿಯೇ, ಸಿಪಿಎಲ್‌ಗೆ (ವಾಣಿಜ್ಯ ಪೈಲಟ್ ಪರವಾನಗಿಗೆ) ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ 200 ಹಾರಾಟದ ಗಂಟೆಗಳಲ್ಲಿ ರ‍್ಯಾಂಪ್‌ನ (ವಿಮಾನಗಳು ನಿಲ್ಲುವ ಅಂಗಳದ) ದುಡಿಮೆಗೆ ಯಾವ ರಿಯಾಯಿತಿಯೂ ಇಲ್ಲ. ಈಗ ಎ320 ವಿಮಾನದ ಬಲಗಡೆಯ, ಅಂದರೆ ಸಹಪೈಲಟ್‌ನ, ಸೀಟಿಗೆ ಬಂದಿರುವುದರಿಂದ ಲೆಕ್ಕವನ್ನು ಬಿಚ್ಚಿಡುವ ಧೈರ್ಯ ಬಂದಿದೆ.

ಆರಂಭದಲ್ಲಿ ಕೈಗೆ ಬರುತ್ತಿದ್ದುದು ಸುಮಾರು 17 ಸಾವಿರ, ಓವರ್‌ಟೈಮ್ ಸೇರಿದರೆ 21. ಈ ಸಂಬಳದಲ್ಲಿ ಹಾರಾಟದ ಶುಲ್ಕ ಕೂಡಿಡುವುದು ಆಗದ ಮಾತು. ಪಿಯುಸಿಯಲ್ಲಿ ನನ್ನದು ಕಾಮರ್ಸ್ ಆಗಿದ್ದರಿಂದ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಕಟ್ಟಿದ ಭೌತಶಾಸ್ತ್ರ, ಗಣಿತ, ಡಿಜಿಸಿಎ ಪತ್ರಿಕೆಗಳ ಶುಲ್ಕ ಮತ್ತು ಮೆಡಿಕಲ್, ಇಷ್ಟು ಮಾತ್ರ ಅದರಲ್ಲಿ ತೀರಿದವು. ಹಳೆ ವಿಮಾನ ನಿಲ್ದಾಣ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಕ್ಲಾಸ್ 1 ಮೆಡಿಕಲ್ ಮುಗಿಯುವ ತನಕ ಯಾವ ಹಾರಾಟ ಶಾಲೆಗೂ ಒಂದು ರೂಪಾಯಿ ಕಟ್ಟಲಿಲ್ಲ. ನ್ಯಾವಿಗೇಷನ್‌ನಲ್ಲಿ ಮಾತ್ರ ಒಂದಕ್ಕಿಂತ ಹೆಚ್ಚು ಸಲ ಪಾಸಾಗಲು ಬೇಕಾದ 70ರ ಗಡಿಯ ಕೆಳಗೇ ಉಳಿದೆ. ಕೊನೆಗೆ ಅದನ್ನು ದಾಟಿಸಿದ ಕಿರುದಾರಿಯನ್ನು ತಮ್ಮನ ಪರೀಕ್ಷೆ ಮುಗಿಯುವವರೆಗೆ ಹೇಳುವುದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಹೊರರಾಜ್ಯದ ಒಂದು ಶಾಲೆಯಲ್ಲಿ. ಮುಂಗಡವೆಂದು ಆರು ಲಕ್ಷದಷ್ಟು ಪಡೆದವರು ಸಾಲಾಗಿ ನಿಲ್ಲಿಸಿ ತೋರಿಸಿದ ವಿಮಾನಗಳಲ್ಲಿ ಹಾರುತ್ತಿದ್ದುದು ಒಂದೇ, ಉಳಿದವು ಬಿಡಿಭಾಗಕ್ಕಾಗಿ ಕಾಯುತ್ತಿದ್ದವು. ಅಲೆದಾಡಿಸಿ ಅರ್ಧದಷ್ಟನ್ನು ಮಾತ್ರ ಹಿಂತಿರುಗಿಸಿದರು. ಎರಡನೆಯ ಶಾಲೆಯಲ್ಲಿ ಸೆಸ್ನಾ 172 ತರಬೇತಿ ವಿಮಾನಕ್ಕೆ ಗಂಟೆಗೆ 13–14 ಸಾವಿರ ಬಿತ್ತು. ಟೈಪ್ ರೇಟಿಂಗ್ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಸೇರಿ ಒಟ್ಟು 50 ಲಕ್ಷದ ಆಸುಪಾಸು. ಇದರಲ್ಲಿ ದೊಡ್ಡ ಪಾಲು ಯಲಹಂಕದ ಸೈಟಿನ ಮೇಲೆ ಎತ್ತಿದ ಸಾಲ.

ರ‍್ಯಾಂಪ್ ನಿಜವಾಗಿ ಕೊಟ್ಟದ್ದು ಬೇರೆಯೇ. ಹಠ ಹಿಡಿದು ಲೋಡ್ ಕಂಟ್ರೋಲ್‌ಗೆ, ಅಂದರೆ ವಿಮಾನದ ತೂಕದ ಹಂಚಿಕೆ ಲೆಕ್ಕ ಹಾಕಿ ಲೋಡ್ ಶೀಟ್ ಬರೆಯುವ ವಿಭಾಗಕ್ಕೆ, ಬದಲಾಯಿಸಿಕೊಂಡೆ. ಕಂಪನಿಯ ಕಾಗದವನ್ನು ಹೊರಗೆ ಒಯ್ಯುವಂತಿಲ್ಲದ್ದರಿಂದ, ಮನೆಯಲ್ಲಿ ಕಾಲ್ಪನಿಕ ಪ್ರಯಾಣಿಕರನ್ನೂ ಬ್ಯಾಗುಗಳನ್ನೂ ಹಂಚಿ, ವಿಮಾನದ ಸಮತೋಲ ತೋರಿಸುವ ಟ್ರಿಮ್ ಶೀಟಿನ ಗೆರೆಗಳನ್ನು ಕೈಯಲ್ಲೇ ಎಳೆಯುತ್ತಿದ್ದೆ. ಬಾಗಿಲು ಮುಚ್ಚುವ ಹೊತ್ತಿಗೆ ನಾಲ್ವರು ಪ್ರಯಾಣಿಕರು ಇಳಿದರೆ, ಅವರ ಬ್ಯಾಗುಗಳು ಯಾವ ಹೋಲ್ಡ್‌ನಲ್ಲಿವೆ ಎಂಬುದರ ಮೇಲೆ ಗುರುತ್ವ ಕೇಂದ್ರ ಎತ್ತ ಸರಿಯುತ್ತದೆಂದು ನೋಡದೆಯೇ ಹೇಳುವಷ್ಟು ಅಭ್ಯಾಸವಾಯಿತು.

ರಾತ್ರಿ ಪಾಳಿಯಲ್ಲಿ ಇನ್ನೊಂದು ಪ್ರಯೋಗವನ್ನೂ ನಡೆಸಿದೆ. ಡಿಸೆಂಬರ್–ಜನವರಿಯಲ್ಲಿ ಅರ್ಧ ಗಂಟೆಗೊಮ್ಮೆ ಬರುವ ಬೆಂಗಳೂರಿನ ಮೆಟಾರ್‌ನಿಂದ (ನಿಲ್ದಾಣದ ಹವಾಮಾನ ವರದಿಯಿಂದ) ತಾಪಮಾನ, ಇಬ್ಬನಿ ಬಿಂದು ಮತ್ತು ಗಾಳಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮುಂಜಾನೆ ಗೋಚರತೆ 1000 ಮೀಟರಿಗಿಂತ ಕೆಳಗೆ ಇಳಿಯುತ್ತದೆಯೇ ಎಂದು ಊಹಿಸುತ್ತಿದ್ದೆ. ಎರಡೂ ಉಷ್ಣಾಂಶಗಳ ಅಂತರ ಒಂದು ಡಿಗ್ರಿಗೆ ಇಳಿದು, ಗಾಳಿ ನಿಂತು, ಆಕಾಶ ತಿಳಿಯಾಗಿದ್ದ ರಾತ್ರಿಗಳಲ್ಲಿ ಊಹೆ ಮುಕ್ಕಾಲುಪಾಲು ನಿಜವಾಗುತ್ತಿತ್ತು. ಡ್ಯೂಟಿ ಮ್ಯಾನೇಜರ್ ಕೂಡ ಕೊನೆಕೊನೆಗೆ ‘ಇವತ್ತು ಮಂಜು ಇದೆಯೇನ್ರೀ?’ ಎಂದು ನನ್ನನ್ನೇ ಕೇಳತೊಡಗಿದರು. ಹವಾಮಾನ ಪತ್ರಿಕೆ ಮೊದಲ ಪ್ರಯತ್ನದಲ್ಲೇ ಮುಗಿದದ್ದಕ್ಕೆ ಆ ನೋಟ್‌ಬುಕ್ಕೇ ಕಾರಣ.

ಸಂದರ್ಶನದಲ್ಲಿ, ಮುಂಭಾಗದ ಒಂದನೆಯ ಕಂಪಾರ್ಟ್‌ಮೆಂಟಿನ ಬ್ಯಾಗುಗಳನ್ನು ಹಿಂಭಾಗದ ನಾಲ್ಕನೆಯದಕ್ಕೆ ಹಾಕಿದರೆ ಏನಾಗುತ್ತದೆಂದು ಕ್ಯಾಪ್ಟನ್ ಕೇಳಿದರು. ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುವುದರಿಂದ ಹಿಡಿದು ಟೇಕಾಫ್ ಟ್ರಿಮ್ (ಬಾಲದ ರೆಕ್ಕೆಯ ಹೊಂದಾಣಿಕೆ) ಬದಲಾಗುವ ತನಕ ಹೇಳಿ, ಲೋಡ್ ಶೀಟ್ ತಿದ್ದುವ ಕ್ರಮವನ್ನೂ ಸೇರಿಸಿದೆ. ಮುಂದಿನ ಪ್ರಶ್ನೆಗಳು ಹೆಚ್ಚಾಗಿ ರ‍್ಯಾಂಪ್‌ನ ಕೆಲಸದ ಕುರಿತೇ ಬಂದವು. ಸಾಲದ ಕಂತು ಈಗ ತಿಂಗಳಿಗೆ 60 ಸಾವಿರದ ಹತ್ತಿರ ಹೋಗುತ್ತಿದ್ದು, ಸೈಟಿನ ಪತ್ರ ಬಿಡಿಸಿಕೊಳ್ಳಲು ಇನ್ನೂ ಐದಾರು ವರ್ಷವಾದರೂ ಬೇಕು.