ಕೀಲೆಸ್ ಕಾರಿನ ಕೀ ಕಳೆದರೆ, ಕೆಟ್ಟರೆ ಏನು ಮಾಡಬೇಕು?

ಜೇಬಿನಲ್ಲಿರುವ ಕೀಯನ್ನು ಹೊರತೆಗೆಯದೆಯೇ ಬಾಗಿಲು ತೆರೆದು, ಬಟನ್ ಒತ್ತಿ ಎಂಜಿನ್ ಚಾಲೂ ಮಾಡುವ ಸೌಲಭ್ಯ ಈಗ ಸಣ್ಣ ಕಾರುಗಳ ಮೇಲಿನ ಶ್ರೇಣಿಯ ಮಾದರಿಗಳಲ್ಲೂ ಸಾಮಾನ್ಯವಾಗಿದೆ. ಆದರೆ ಈ ಸ್ಮಾರ್ಟ್ ಕೀ ಕೈಕೊಟ್ಟಾಗ ಏನು ಮಾಡಬೇಕೆಂಬುದನ್ನು ಕಾರು ಮನೆಗೆ ತರುವ ದಿನ ಪೂಜೆ, ನಿಂಬೆಹಣ್ಣು, ಫೋಟೊಗಳ ಗಡಿಬಿಡಿಯಲ್ಲಿ ಕೇಳಿ ತಿಳಿದುಕೊಳ್ಳುವವರು ಕಡಿಮೆ. ಕಾರಿನೊಂದಿಗೆ ಸಿಗುವ ಎರಡು ಕೀಗಳಲ್ಲಿ ಒಂದನ್ನು ಬೀರುವಿನಲ್ಲಿಟ್ಟು ಮರೆಯುವವರೇ ಹೆಚ್ಚು. ಮುಂದೆ ಎದುರಾಗುವ ಬಹುತೇಕ ತೊಂದರೆಗಳು ಸುಲಭವಾಗಿ ಬಗೆಹರಿಯುತ್ತವೆಯೋ ಜೇಬಿಗೆ ಭಾರವಾಗುತ್ತವೆಯೋ ಎಂಬುದು ಆ ಎರಡನೇ ಕೀಯ ಮೇಲೆಯೇ ನಿಂತಿರುತ್ತದೆ.

ಮೊದಲು ಕೀ ಕೆಲಸ ಮಾಡುವ ಬಗೆಯನ್ನು ತಿಳಿಯೋಣ. ಕಾರು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಸಂಕೇತವನ್ನು ಒಂದೆರಡು ಮೀಟರ್ ದೂರದವರೆಗೆ ಹೊರಡಿಸುತ್ತದೆ. ಅದನ್ನು ಗ್ರಹಿಸಿದ ಕೀ ಹೆಚ್ಚಾಗಿ 433 ಮೆಗಾಹರ್ಟ್ಸ್ ತರಂಗದಲ್ಲಿ ತನ್ನ ಗುರುತನ್ನು ಹೇಳುತ್ತದೆ. ಈ ಉತ್ತರಕ್ಕೆ ಬ್ಯಾಟರಿ ಬೇಕು. ಆದರೆ ಅದೇ ಕೀಯೊಳಗೆ ಬ್ಯಾಟರಿಯ ಹಂಗಿಲ್ಲದ ಇನ್ನೊಂದು ಚಿಪ್ ಇರುತ್ತದೆ. ಸ್ಟಾರ್ಟ್ ಬಟನ್‌ಗೆ ತಾಗುವಷ್ಟು ಹತ್ತಿರ ಹಿಡಿದರೆ ಅದು ಕಾರಿನಿಂದಲೇ ಶಕ್ತಿ ಪಡೆದು ಕೆಲಸ ಮಾಡುತ್ತದೆ. ಇವೆರಡೂ ಸಾಲದೆಂಬಂತೆ, ಕೀಯ ಕವಚದೊಳಗೆ ಲೋಹದ ಸಣ್ಣ ಕೀ ಕೂಡ ಅಡಗಿರುತ್ತದೆ.

ಕೀ ಸ್ಪಂದಿಸದಿದ್ದರೆ

ಕಾರು ತೆರೆಯದಿದ್ದ ಕೂಡಲೇ ಕೀ ಕೆಟ್ಟಿತೆಂದು ತೀರ್ಮಾನಿಸಬೇಡಿ. ಪ್ರಸಾರ ಗೋಪುರ, ಮೊಬೈಲ್ ಟವರ್‌ಗಳ ಸಮೀಪದಲ್ಲಿ ಅಥವಾ ಕೀ ಮತ್ತು ಮೊಬೈಲ್ ಫೋನ್ ಒಂದೇ ಜೇಬಿನಲ್ಲಿದ್ದಾಗ ಸಂಕೇತಕ್ಕೆ ಅಡ್ಡಿಯಾಗುವುದುಂಟು. ಫೋನನ್ನು ದೂರವಿಟ್ಟು, ಕೀಯನ್ನು ಬಾಗಿಲ ಹಿಡಿಯ ಹತ್ತಿರ ತಂದು ಮತ್ತೊಮ್ಮೆ ಪ್ರಯತ್ನಿಸಿ. ಆಗಲೂ ತೆರೆಯದಿದ್ದರೆ ಕೀಯ ಬದಿಯಲ್ಲಿರುವ ಚಿಕ್ಕ ಗುಂಡಿಯನ್ನು ಸರಿಸಿ ಲೋಹದ ಕೀಯನ್ನು ಎಳೆದು, ಚಾಲಕನ ಬಾಗಿಲನ್ನು ತೆರೆಯಿರಿ. ಕೆಲವು ಕಾರುಗಳಲ್ಲಿ ಕೀ ಹಾಕುವ ರಂಧ್ರವು ಹಿಡಿಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುವುದರಿಂದ ಅದು ಎಲ್ಲಿದೆಯೆಂದು ಹಗಲಿನಲ್ಲೇ ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಹೀಗೆ ತೆರೆದಾಗ ಅಲಾರಂ ಕೂಗಬಹುದು. ಎಂಜಿನ್ ಚಾಲೂ ಆದೊಡನೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ.

ಒಳಗೆ ಕುಳಿತ ಮೇಲೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಬೇಕು. ಹ್ಯುಂಡೈ ಕಾರುಗಳಲ್ಲಿ ಬೆರಳಿನ ಬದಲು ಕೀಯಿಂದಲೇ ಬಟನ್ ಒತ್ತಬೇಕು. ಟೊಯೊಟಾ ಕಾರುಗಳಲ್ಲಿ ಬ್ರೇಕ್ ತುಳಿದು, ಲಾಂಛನವಿರುವ ಬದಿಯನ್ನು ಬಟನ್‌ಗೆ ಮುಟ್ಟಿಸಿ, ಸದ್ದು ಕೇಳಿದ ಬಳಿಕ ಬಟನ್ ಒತ್ತಬೇಕು. ಬೇರೆ ಕಂಪನಿಗಳಲ್ಲಿ ಕೀ ಹಿಡಿಯಬೇಕಾದ ಜಾಗ ಕಪ್ ಹೋಲ್ಡರ್‌ನಲ್ಲೋ ಸ್ಟೀರಿಂಗ್ ಕಂಬದ ಪಕ್ಕದಲ್ಲೋ ಇರಬಹುದಾದ್ದರಿಂದ ಕೈಪಿಡಿಯ ಆ ಪುಟದ ಚಿತ್ರ ತೆಗೆದು ಫೋನಿನಲ್ಲಿಟ್ಟುಕೊಳ್ಳಿ.

ಹೀಗೆ ಮಾಡಿದಾಗ ಕಾರು ಹೊರಟರೆ, ದೋಷ ಹೆಚ್ಚಾಗಿ ಇರುವುದು ಕೀ ಬ್ಯಾಟರಿಯಲ್ಲಿ. ಕಾರಿನೊಳಗಿನ ದೀಪವೂ ಉರಿಯದಿದ್ದರೆ, ಬರಿದಾಗಿರುವುದು ಕಾರಿನ 12 ವೋಲ್ಟ್ ಬ್ಯಾಟರಿ. ದೀಪಗಳು ಸರಿಯಾಗಿದ್ದು ಎರಡನೇ ಕೀಗೂ ಕಾರು ಸ್ಪಂದಿಸದಿದ್ದರೆ, ದೋಷವು ಕೀಯ ಸಂಕೇತವನ್ನು ಗ್ರಹಿಸುವ ಕಾರಿನ ರಿಸೀವರ್‌ನಲ್ಲಿರುವ ಸಾಧ್ಯತೆ ಹೆಚ್ಚು. ಎರಡನೇ ಕೀ ಕೈಯಲ್ಲಿಲ್ಲದಿದ್ದರೆ ಈ ಪರೀಕ್ಷೆಯನ್ನೇ ಮಾಡಲಾಗದು.

ಕೀ ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದು. ಹೆಚ್ಚಿನ ಕೀಗಳಲ್ಲಿ ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆಯಿರುತ್ತದೆ. ಆದರೂ ಹಳೆಯದರ ಮೇಲಿನ ಸಂಖ್ಯೆ ನೋಡಿಯೇ ಹೊಸದನ್ನು ಕೊಳ್ಳಿ. ಲೋಹದ ಕೀಯನ್ನು ತೆಗೆದ ಜಾಗದ ಸೀಳಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ತಿರುಗಿಸಿದರೆ ಕವಚ ಬಿಚ್ಚಿಕೊಳ್ಳುತ್ತದೆ. ಹಳೆಯ ಬಿಲ್ಲೆಯ ಪ್ಲಸ್ ಗುರುತು ಯಾವ ಕಡೆಗಿತ್ತೆಂದು ಗಮನಿಸಿ, ಹೊಸದನ್ನು ಒಣ ಬಟ್ಟೆಯಲ್ಲಿ ಅಂಚು ಹಿಡಿದು ಕೂರಿಸಿ. ತೆಗೆದ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಲೇಬೇಡಿ. ಪುಟ್ಟ ಮಕ್ಕಳು ಇದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟು ಗಾಯವಾಗಬಹುದು. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೀ ಸರಿಯಾಗಿದ್ದೂ ದಾರಿಯಲ್ಲಿ ಸಿಕ್ಕಿಬೀಳುವ ಸಂದರ್ಭವೊಂದಿದೆ. ಪತ್ನಿಯನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿ ಮೈಸೂರಿನತ್ತ ಹೊರಟವರು ಮದ್ದೂರಿನಲ್ಲಿ ಕಾಫಿಗೆಂದು ಎಂಜಿನ್ ಆರಿಸುತ್ತಾರೆ. ಕೀ ಇರುವುದು ಪತ್ನಿಯ ಚೀಲದಲ್ಲಿ. ಓಡುತ್ತಿರುವ ಎಂಜಿನ್ ಸುರಕ್ಷತೆಯ ಕಾರಣಕ್ಕೆ ಕೀ ದೂರವಾದರೂ ನಿಲ್ಲುವುದಿಲ್ಲ, ಆದರೆ ಒಮ್ಮೆ ಆರಿಸಿದರೆ ಮತ್ತೆ ಹೊರಡುವುದಿಲ್ಲ. ಕೀ ಪತ್ತೆಯಾಗಿಲ್ಲವೆಂಬ ಎಚ್ಚರಿಕೆ ಫಲಕದಲ್ಲಿ ಮೂಡಿದರೆ ಎಂಜಿನ್ ಆರಿಸದೆ, ಬದಿಗೆ ನಿಲ್ಲಿಸಿ ಕೀ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಿ.

ಕೀ ಕಳೆದುಹೋದರೆ

ಕಾರು ನಿಂತ ಜಾಗದ ಸುತ್ತಮುತ್ತಲೇ ಕೀ ಬಿದ್ದಿದ್ದರೆ, ಸಿಕ್ಕವರು ಬಟನ್ ಒತ್ತಿದೊಡನೆ ಕಾರು ದೀಪ ಮಿನುಗಿಸಿ ತಾನೆಲ್ಲಿದ್ದೇನೆಂದು ತೋರಿಸಿಕೊಡುತ್ತದೆ. ಆದ್ದರಿಂದ ಎರಡನೇ ಕೀ ತರಿಸಿ, ಕಾರನ್ನು ಅಲ್ಲಿಂದ ಒಯ್ಯುವುದೇ ಮೊದಲ ಕೆಲಸ. ಅನಂತರ ಕರ್ನಾಟಕ ರಾಜ್ಯ ಪೊಲೀಸ್ ಆ್ಯಪ್‌ನ ಇ-ಲಾಸ್ಟ್ ವಿಭಾಗದಲ್ಲಿ ವರದಿ ದಾಖಲಿಸಿ. ಕೀ ಕಳವಾಗಿದ್ದರೆ ಠಾಣೆಗೇ ಹೋಗಿ ದೂರು ಕೊಡಬೇಕು. ವಿಮಾ ಕಂಪನಿಗೆ ತಡಮಾಡದೆ ತಿಳಿಸಿ, ಪಾಲಿಸಿಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದೆಯೇ ಎಂದು ನೋಡಿ.

ಸರ್ವಿಸ್ ಸೆಂಟರ್‌ಗೆ ಆರ್‌ಸಿ, ಗುರುತಿನ ಚೀಟಿ, ಹೊಸ ಕಾರಿನೊಂದಿಗೆ ಕೊಟ್ಟಿದ್ದ ಕೀ ಸಂಖ್ಯೆಯ ಚಿಕ್ಕ ಬಿಲ್ಲೆ ಮತ್ತು ಉಳಿದಿರುವ ಕೀಯನ್ನು ಒಯ್ಯಬೇಕು. ಹೊಸ ಕೀ ನೋಂದಾಯಿಸಿದರಷ್ಟೇ ಸಾಲದು. ಕಳೆದ ಕೀಯ ನೋಂದಣಿಯನ್ನು ಕಾರಿನ ನೆನಪಿನಿಂದ ಅಳಿಸಿದ್ದೇವೆಂದು, ಮಾಡಿದ ಕೆಲಸಗಳನ್ನು ಸರ್ವಿಸ್ ಸೆಂಟರ್‌ನವರು ನಮೂದಿಸುವ ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಇಲ್ಲೊಂದು ಸೂಕ್ಷ್ಮವಿದೆ: ನೋಂದಣಿ ಅಳಿಸಿದರೂ ಕಳೆದ ಕೀಯೊಳಗಿನ ಲೋಹದ ಕೀ ಬಾಗಿಲನ್ನು ತೆರೆಯುತ್ತಲೇ ಇರುತ್ತದೆ. ಕೀಯೊಂದಿಗೆ ವಿಳಾಸವಿರುವ ಪರ್ಸ್ ಕೂಡ ಹೋಗಿದ್ದರೆ ಬಾಗಿಲ ಬೀಗವನ್ನೂ ಬದಲಿಸುವುದು ಕ್ಷೇಮ.

ಎರಡೂ ಕೀಗಳು ಹೋದರೆ ಕಾರನ್ನು ಫ್ಲಾಟ್‌ಬೆಡ್ ವಾಹನದಲ್ಲಿ ಸಾಗಿಸಬೇಕಾಗುತ್ತದೆ, ಕೆಲವು ಮಾದರಿಗಳಲ್ಲಿ ನೋಂದಾಯಿತ ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಘಟಕವನ್ನೇ ಬದಲಿಸಬೇಕಾಗುತ್ತದೆ. ರಸ್ತೆ ಬದಿಯ ಕೀ ತಯಾರಕರಲ್ಲಿ ನುರಿತವರಿದ್ದಾರೆ ನಿಜ, ಆದರೂ ವಾರಂಟಿ ಇರುವ ಕಾರನ್ನು ಅವರಿಗೊಪ್ಪಿಸುವುದು ಸರಿಯೆಂದು ನನಗನ್ನಿಸುವುದಿಲ್ಲ.

ಕೀ ಮನೆಯಲ್ಲಿದ್ದರೂ ಅಪಾಯ

ಜ್ಯೂರಿಚ್‌ನ ಇಟಿಎಚ್ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಗಳನ್ನು ಪರೀಕ್ಷಿಸಿ, ಕೀಯನ್ನು ಮುಟ್ಟದೆಯೇ ಕಾರು ತೆರೆದು ಚಾಲೂ ಮಾಡಬಹುದೆಂದು ತೋರಿಸಿದರು. ಕಳ್ಳರು ಮಾಡುವುದೂ ಇದನ್ನೇ: ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಬಳಿ ಉಪಕರಣ ಹಿಡಿದು ನಿಂತು, ಕಾರಿನ ಸಂಕೇತವನ್ನು ಒಳಗಿರುವ ಕೀಗೆ ತಲುಪಿಸುತ್ತಾರೆ. ಕೀ ತನ್ನ ಪಕ್ಕದಲ್ಲೇ ಕಾರಿದೆಯೆಂದು ತಿಳಿದು ಉತ್ತರಿಸುತ್ತದೆ. ನಮ್ಮ ಮನೆಗಳಲ್ಲಿ ಕೀ ತೂಗುಹಾಕುವ ಮೊಳೆ ಮುಂಬಾಗಿಲ ಪಕ್ಕದಲ್ಲಿ, ಕಾರು ಗೋಡೆಯ ಆಚೆಗಿನ ಪೋರ್ಟಿಕೊದಲ್ಲಿ ಇರುವುದರಿಂದ ಈ ಕೆಲಸ ಅವರಿಗೆ ಇನ್ನಷ್ಟು ಸಲೀಸು.

ಕೀಯನ್ನು ಒಳಕೋಣೆಗೆ ಸ್ಥಳಾಂತರಿಸಿ, ಸಂಕೇತ ತಡೆಯುವ ಲೋಹದ ಎಳೆಗಳ ಚೀಲದಲ್ಲಿಡಿ. ಚೀಲದಲ್ಲಿಟ್ಟ ಕೀ ಹಿಡಿದು ಕಾರಿನ ಪಕ್ಕ ನಿಂತಾಗ ಬಾಗಿಲು ತೆರೆದರೆ ಆ ಚೀಲ ಪ್ರಯೋಜನವಿಲ್ಲ. ಮಡಚಿ ಮಡಚಿ ಒಳಪದರ ಸವೆಯುವುದರಿಂದ ಈ ಪರೀಕ್ಷೆಯನ್ನು ಆಗಾಗ ಮಾಡಬೇಕು, ಬೀರುವಿನ ಎರಡನೇ ಕೀಗೂ ಇಂಥದೇ ಚೀಲ ಬೇಕು. ಟೊಯೊಟಾದ ಹಲವು ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಬಟನ್ ಅನ್ನು ಎರಡು ಸಲ ಒತ್ತಿದರೆ ಕೀಯಲ್ಲಿರುವ ದೀಪ 4 ಬಾರಿ ಮಿನುಗಿ ಕೀ ನಿದ್ರೆಗೆ ಜಾರುತ್ತದೆ. ಊರಿಗೆ ಹೋಗುವಾಗ ಇದು ಉಪಯುಕ್ತ. ಇವೆಲ್ಲದರ ಜತೆಗೆ ಸ್ಟೀರಿಂಗ್‌ಗೆ ಹಾಕುವ ಲೋಹದ ಬೀಗವೂ ಇರಲಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎರಡೂ ಕೀಗಳನ್ನು ಕೇಳಿ ಪಡೆಯಬೇಕು. ಕಾರು ಕಳವಾದಾಗ ವಿಮಾ ಕಂಪನಿಗಳು ಪರಿಹಾರ ಕೊಡುವ ಮುನ್ನ ಎರಡು ಕೀಗಳನ್ನೂ ಒಪ್ಪಿಸುವಂತೆ ಕೇಳುವುದು ರೂಢಿ. ಮಾರುವವರು ಒಂದನ್ನಷ್ಟೇ ಕೊಟ್ಟರೆ ಇನ್ನೊಂದರ ವೆಚ್ಚವನ್ನು ಬೆಲೆಯಲ್ಲಿ ಕಳೆದು, ಸರ್ವಿಸ್ ಸೆಂಟರ್‌ನಲ್ಲಿ ಎಷ್ಟು ಕೀಗಳು ನೋಂದಣಿಯಾಗಿವೆಯೆಂದು ಪರೀಕ್ಷಿಸಿ, ನಿಮ್ಮ ಕೈಯಲ್ಲಿಲ್ಲದವುಗಳನ್ನು ಅಳಿಸಿಹಾಕಿಸಿ.