ಹಿಮದ ರಸ್ತೆಯಲ್ಲಿ ಯಾವ ಗಾಡಿ ಹೇಗೆ ನಡೆದುಕೊಳ್ಳುತ್ತದೆ: ನನ್ನ ಅನುಭವ

ಕಳೆದ ಆಗಸ್ಟ್‌ನಲ್ಲಿ ನನ್ನ ತಂಗಿಯ ಮಗ ಮಾದಾಪುರದ ನಮ್ಮ ಮನೆಗೆ ಬಂದಿದ್ದಾಗ, ಜನವರಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಮನಾಲಿಯಿಂದ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋಗುವ ಯೋಚನೆಯಿದೆ, ಅದಕ್ಕಾಗಿ ಈಗಿರುವ ಸಣ್ಣ ಕಾರನ್ನು ಮಾರಿ ನಾಲ್ಕೂ ಚಕ್ರಗಳು ಎಳೆಯುವ ಗಾಡಿಯನ್ನು ಕೊಳ್ಳುತ್ತೇನೆ ಎಂದ. “ಮಾವ, ಫೋರ್ ವೀಲ್ ಡ್ರೈವ್ ಇದ್ದರೆ ಹಿಮದಲ್ಲಿ ಭಯವಿಲ್ಲ ಅಲ್ವಾ?” ಎಂದು ಕೇಳಿದ. ನಾನು 1989ರಿಂದ 2006ರವರೆಗೆ ಸೇನೆಗೆ ಸಾಮಗ್ರಿ ಸಾಗಿಸುವ ವಿಭಾಗವಾದ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಚಾಲಕನಾಗಿದ್ದು, ಐದು ಚಳಿಗಾಲಗಳನ್ನು ಕಾಶ್ಮೀರದ ರಸ್ತೆಗಳಲ್ಲೇ ಕಳೆದವನು. ನಿವೃತ್ತಿಯ ನಂತರ ಎರಡು ಸಲ ಹಿಮಾಚಲದಲ್ಲೂ ಬಾಡಿಗೆ ಕಾರು ಓಡಿಸಿದ್ದೇನೆ. ಅವನ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಸಾಧ್ಯವಿರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನವರಾದ ನಮಗೆ ಮಂಜು ಎಂದರೆ ಎದುರಿನ ದಾರಿಯನ್ನು ಮರೆಮಾಡುವ ಮಂಜು ಮಾತ್ರ. ಇಲ್ಲಿ ನಾನು ಹೇಳುತ್ತಿರುವುದು ಅರಳೆಯಂತೆ ಬೀಳುವ ಹಿಮ ಮತ್ತು ಆ ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ ಆಗುವ ಗಡ್ಡೆ, ಇವೆರಡರ ವಿಷಯ. ಒಣಗಿದ ಡಾಂಬರಿನ ಮೇಲೆ ಟೈರಿನ ಹಿಡಿತವನ್ನು (ಘರ್ಷಣೆಯ ಪ್ರಮಾಣ; ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು) ಸುಮಾರು 0.7 ಎಂದಿಟ್ಟುಕೊಂಡರೆ, ಗಾಡಿಗಳು ಓಡಿ ಗಟ್ಟಿಯಾದ ಹಿಮದ ಮೇಲೆ ಅದು 0.2 ಅಥವಾ 0.3ಕ್ಕೆ, ನೀರಿನ ಪಸೆಯಿರುವ ಗಡ್ಡೆಯ ಮೇಲೆ 0.1ಕ್ಕೆ ಇಳಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿ ಬ್ರೇಕ್ ಒತ್ತಿದ ಮೇಲೆ ಡಾಂಬರಿನಲ್ಲಿ 9 ಮೀಟರಿಗೆ ನಿಲ್ಲುವುದಾದರೆ, ಹಿಮದಲ್ಲಿ 25 ಮೀಟರ್, ಗಡ್ಡೆಯಲ್ಲಿ 60 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ವೇಗವನ್ನು 20ಕ್ಕೆ ಇಳಿಸಿದರೆ ಆ 60 ಮೀಟರ್ 16ಕ್ಕೆ ಬರುತ್ತದೆ. ಗಾಡಿ ಎಷ್ಟು ಬೆಲೆಯದು, ಎಷ್ಟು ಚಕ್ರಗಳು ಎಳೆಯುತ್ತವೆ ಎಂಬುದು ಈ ಲೆಕ್ಕದೊಳಗೆ ಎಲ್ಲಿಯೂ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಜಮ್ಮು-ಶ್ರೀನಗರ ಹಳೆಯ ಹೆದ್ದಾರಿಯ ಜವಾಹರ್ ಸುರಂಗದ ಬನಿಹಾಲ್ ಕಡೆಯ ಇಳಿಜಾರಿನಲ್ಲಿ. ಕಾಶ್ಮೀರದವರು ಚಿಲ್ಲೈ ಕಲಾನ್ ಎಂದು ಕರೆಯುವ, ಡಿಸೆಂಬರ್ 21ರಿಂದ ಆರಂಭವಾಗುವ ನಲವತ್ತು ದಿನಗಳ ಕಡುಚಳಿಯ ಕಾಲ ಅದು. ಖಾಜಿಗುಂಡ್ ಕಡೆಯಿಂದ ಜಿಪ್ಸಿಯನ್ನು ಫೋರ್ ಹೈನಲ್ಲಿ, ಅಂದರೆ ನಾಲ್ಕೂ ಚಕ್ರಗಳು ಎಳೆಯುವ ಸಾಮಾನ್ಯ ವೇಗದ ಗೇರಿನಲ್ಲಿ, ಹಾಕಿ ಹತ್ತಿದಾಗ, ನಮ್ಮ ಕಾನ್ವಾಯ್‌ನ ಖಾಲಿ ಲಾರಿಗಳು ಚಕ್ರ ತಿರುಗಿಸುತ್ತ ನಿಂತಲ್ಲೆಲ್ಲ ನನ್ನ ಗಾಡಿ ಒಮ್ಮೆಯೂ ತೊನೆಯದೆ ಮೇಲೇರಿತು. ಆ ಧೈರ್ಯದಲ್ಲೇ ಸುಮಾರು ಎರಡೂವರೆ ಕಿ.ಮೀ. ಉದ್ದದ ಸುರಂಗವನ್ನು ದಾಟಿ ಇಳಿಯತೊಡಗಿದೆ. ಮೂರನೆಯ ತಿರುವಿಗೆ ಮೊದಲು, ಅಲ್ಲಿಯವರೆಗೆ ಕಿವಿಗೆ ಬೀಳುತ್ತಿದ್ದ ಒದ್ದೆ ರಸ್ತೆಯ ಮೇಲಿನ ಟೈರಿನ ಸದ್ದು ಥಟ್ಟನೆ ನಿಂತುಹೋಯಿತು. ಬೆಟ್ಟದ ನೆರಳಿನಲ್ಲಿದ್ದ ಆ ಹತ್ತು ಹದಿನೈದು ಮೀಟರ್ ರಸ್ತೆ, ಕಪ್ಪಾಗಿ ಕಾಣುತ್ತಿದ್ದರೂ, ಗಡ್ಡೆಯೇ ಆಗಿತ್ತು. ನಾನು ಬ್ರೇಕ್ ತುಳಿದೆ. ನಾಲ್ಕೂ ಚಕ್ರಗಳು ಒಟ್ಟಿಗೆ ನಿಂತವು, ಗಾಡಿ ಮಾತ್ರ ನಿಲ್ಲಲಿಲ್ಲ. ಅದು ಅಡ್ಡಡ್ಡಲಾಗಿ ಜಾರಿ ಬೆಟ್ಟದ ಬದಿಯ ಹಿಮದ ಗೋಡೆಗೆ ಒರಗಿತು. ಇನ್ನೊಂದು ಬದಿಗೆ ಜಾರಿದ್ದರೆ ಈ ಬರಹ ಇರುತ್ತಿರಲಿಲ್ಲ. ಹಿಂದಿನ ಗಾಡಿಯಿಂದ ಇಳಿದು ಬಂದ ಹಾಸನದ ಕಡೆಯ ಹವಾಲ್ದಾರರು ಬೈಯಲಿಲ್ಲ. “ಹತ್ತೋದನ್ನ ಗಾಡಿ ನೋಡಿಕೊಳ್ಳುತ್ತೆ ಕಣಯ್ಯ, ಇಳಿಯೋದನ್ನ ನೀನು ನೋಡಿಕೊಳ್ಳಬೇಕು” ಎಂದಷ್ಟೇ ಹೇಳಿ, ಹಗ್ಗ ಕಟ್ಟಿ ಎಳೆಸಿದರು.

ಹಿಂದಿನ ಚಕ್ರಗಳು ಎಳೆಯುವ ಗಾಡಿಗಳ ಸ್ವಭಾವ ಬೇರೆ. ಎಂಜಿನ್ನಿನ ಭಾರ ಮುಂದೆ, ಎಳೆತ ಹಿಂದೆ. ಹಿಂದೆ ಹೊರೆಯಿಲ್ಲದಿದ್ದರೆ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ಒತ್ತಿದರೂ ಹಿಂಭಾಗ ಬದಿಗೆ ಬೀಸುತ್ತದೆ. ಇದನ್ನು ನೋಡಲು ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ಶನಿವಾರಸಂತೆಯ ಸುತ್ತ ಆಲಿಕಲ್ಲು ಮಳೆ ಬಿದ್ದು ನೆಲವೆಲ್ಲ ಬೆಳ್ಳಗಾಗಿದ್ದ ದಿನ, ಗೋಲಿಗಳ ಮೇಲೆ ಓಡಿದಂತೆ ಗಾಡಿಗಳು ಓಡುತ್ತಿದ್ದವು. ನನ್ನ ಮುಂದಿದ್ದ ಖಾಲಿ ಪಿಕಪ್ ಸಣ್ಣ ಏರಿನಲ್ಲಿಯೇ ಅಡ್ಡ ತಿರುಗಿತು. ಅದರ ಚಾಲಕನಿಗೆ ಪಕ್ಕದ ತೋಟದಿಂದ ಗೊಬ್ಬರದ ನಾಲ್ಕು ಮೂಟೆ ಕೇಳಿ ತಂದು ಹಿಂದಿನ ಆಕ್ಸಲಿನ ನೇರಕ್ಕೆ ಹಾಕಿಕೊಳ್ಳಲು ಹೇಳಿದೆ. ಎರಡನೆಯ ಗೇರಿನಲ್ಲಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟಾಗ ಅದೇ ಗಾಡಿ ಅದೇ ಏರನ್ನು ಹತ್ತಿತು. ಹಿಂಭಾಗ ಬೀಸಿದಾಗ ಅದು ಯಾವ ಕಡೆಗೆ ಹೋಗುತ್ತಿದೆಯೋ ಆ ಕಡೆಗೇ ಸ್ಟೀರಿಂಗನ್ನು ಹಗುರವಾಗಿ ತಿರುಗಿಸಿ, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಬ್ರೇಕನ್ನು ಮುಟ್ಟಬಾರದು.

ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಯುವವು. ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೆಯೇ ಕೂರುವುದರಿಂದ ಇವು ಜನ ಎಣಿಸುವುದಕ್ಕಿಂತ ಹೆಚ್ಚು ಚೆನ್ನಾಗಿ ಹಿಮದಲ್ಲಿ ಸಾಗುತ್ತವೆ. ಹಳೆಯ ಮಾರುತಿ 800 ತನ್ನ ಕಿರಿದಾದ ಹನ್ನೆರಡು ಇಂಚಿನ ಚಕ್ರಗಳಿಂದ ಮೆದು ಹಿಮವನ್ನು ಸೀಳಿ ಅಡಿಯ ನೆಲವನ್ನು ಹಿಡಿಯುತ್ತಿದ್ದುದನ್ನು ಶ್ರೀನಗರದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅಗಲವಾದ ಟೈರು ಹಿಮದ ಮೇಲೆ ತೇಲುತ್ತದೆ. ಆದರೆ ಇವುಗಳಿಗೆ ಎರಡು ಕೊರತೆಗಳಿವೆ. ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರಗಳು ಹಗುರವಾಗಿ ಸುಮ್ಮನೆ ತಿರುಗುತ್ತವೆ. ತಿರುವಿನಲ್ಲಿ ವೇಗ ಹೆಚ್ಚಾಗಿದ್ದರೆ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ಆಗ ಹೊಸಬರು ಗಾಬರಿಯಿಂದ ಇನ್ನಷ್ಟು ತಿರುಗಿಸುತ್ತಾರೆ. ಮಾಡಬೇಕಾದುದು ಅದರ ವಿರುದ್ಧ, ಸ್ಟೀರಿಂಗನ್ನು ತುಸು ಸಡಿಲಿಸಿ, ಕಾಲೆತ್ತಿ, ಚಕ್ರ ಮತ್ತೆ ನೆಲ ಹಿಡಿಯುವವರೆಗೆ ಕಾಯಬೇಕು. ಇಳಿಜಾರಿನಲ್ಲಿ ಒಂದನೇ ಗೇರಿಗೆ ಒಮ್ಮೆಲೇ ಇಳಿಸಿದರೂ ಎಂಜಿನ್ನಿನ ತಡೆ ಮುಂದಿನ ಚಕ್ರಗಳನ್ನೇ ಹಿಡಿದು ಜಾರಿಸಬಹುದು. ನಾನು ಎರಡನೆಯ ಗೇರನ್ನೇ ನೆಚ್ಚುತ್ತೇನೆ.

ಜಿಪ್ಸಿ, ಸೇನೆಯ ಜೋಂಗಾ ಜೀಪುಗಳಂತಹ ಗಾಡಿಗಳಲ್ಲಿ ನಾಲ್ಕು ಚಕ್ರದ ಎಳೆತವನ್ನು ಚಾಲಕನೇ ಗೇರಿನಿಂದ ಹಾಕಬೇಕು. ಅವುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ, ಸುರಂಗದೊಳಗಿನ ಒಣ ರಸ್ತೆಯಲ್ಲಿ ಅದನ್ನು ತೆಗೆಯದಿದ್ದರೆ ತಿರುವಿನಲ್ಲಿ ಗಾಡಿ ಜಗ್ಗುತ್ತದೆ, ಯಂತ್ರಕ್ಕೂ ಪೆಟ್ಟು. ಅಗತ್ಯ ಬಿದ್ದಾಗ ತಾನಾಗಿಯೇ ಎಳೆತ ಹಂಚುವ ಹೊಸ ಗಾಡಿಗಳಲ್ಲಿ ಆ ತೊಂದರೆಯಿಲ್ಲ. ಬ್ಯಾಟರಿ ಕಾರುಗಳಲ್ಲಿ, ಕಾಲೆತ್ತಿದೊಡನೆ ಮೋಟಾರೇ ತಡೆಯುವ ಗುಣವನ್ನು ಕಡಿಮೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಗಾಡಿಗಿಂತ ಟೈರಿನ ವಿಷಯವೇ ದೊಡ್ಡದು, ಕೊಡಗಿನವರು ಮೋಸ ಹೋಗುವುದೂ ಇಲ್ಲಿಯೇ. ಮಾಂದಲ್‌ಪಟ್ಟಿಗೆ ಹೋಗುವ ಜೀಪುಗಳ ದಪ್ಪ ಗಂಟಿನ ಟೈರುಗಳು ಕೆಸರನ್ನು ಅಗೆದು ಹೊರಗೆ ಚೆಲ್ಲುತ್ತವೆ, ಆಳವಾದ ಹಿಮದಲ್ಲೂ ಅವು ಕೆಲಸ ಮಾಡುತ್ತವೆ. ಗಡ್ಡೆಯ ಮೇಲೆ ಮಾತ್ರ ಆ ಗಂಟುಗಳಿಗೆ ಅಗೆಯಲು ಏನೂ ಇರುವುದಿಲ್ಲ. ಅಲ್ಲಿ ಬೇಕಾದುದು ಮೆದುವಾದ ರಬ್ಬರು ಮತ್ತು ಅದರ ಮೈತುಂಬ ಬ್ಲೇಡಿನಿಂದ ಗೀರಿದಂತಹ ನೂರಾರು ಸಣ್ಣ ಸೀಳುಗಳು. ನಮ್ಮ ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಚಳಿಗಾಲದ ಟೈರು ಆಗಲೂ ಮೆದುವಾಗಿಯೇ ಇರುತ್ತದೆ. ಚಳಿಗಾಲದ ಟೈರು ಹಾಕಿದ ಸಾಧಾರಣ ಕಾರು, ಸಾಮಾನ್ಯ ಟೈರಿನ ಫೋರ್ ವೀಲ್ ಗಾಡಿಗಿಂತ ಗಡ್ಡೆಯ ಮೇಲೆ ಬೇಗ ನಿಲ್ಲುತ್ತದೆ. ಅದು ಸಿಗದವರಿಗೆ ಟೈರಿಗೆ ಸುತ್ತುವ ಸರಪಳಿಯೇ ಗತಿ.

ಸರಪಳಿಯನ್ನು ಎಳೆಯುವ ಚಕ್ರಗಳಿಗೆ ಹಾಕಬೇಕು. ಮುಂದಿನ ಎಳೆತದ ಕಾರಿನ ಹಿಂದಿನ ಚಕ್ರಗಳಿಗೆ ಸರಪಳಿ ಸುತ್ತಿ, ಇನ್ನೂ ಏಕೆ ಹತ್ತುತ್ತಿಲ್ಲ ಎಂದು ನಿಂತವರನ್ನು ಮನಾಲಿ ಬಳಿಯ ಸೋಲಂಗ್‌ನಲ್ಲಿ ನೋಡಿದ್ದೇನೆ. ಹಾಕಿದ ಮೇಲೆ ನೂರಿನ್ನೂರು ಮೀಟರ್ ಓಡಿಸಿ, ಇಳಿದು ಮತ್ತೊಮ್ಮೆ ಬಿಗಿಯಬೇಕು. ಬರಿಯ ಡಾಂಬರು ಬಂದೊಡನೆ ತೆಗೆಯಬೇಕು. ಮುಂದೆ ಮಾತ್ರ ಸರಪಳಿಯಿರುವ ಕಾರು ಇಳಿಯುವಾಗ ಹಿಂಭಾಗಕ್ಕೆ ಯಾವ ಹಿಡಿತವೂ ಇರುವುದಿಲ್ಲವೆಂಬುದನ್ನು ಮರೆಯಬಾರದು. ರಾತ್ರಿ ನಿಲ್ಲಿಸುವಾಗ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ನಮ್ಮ ರೂಢಿ, ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿ ಅಂಟಿಕೊಳ್ಳುವುದುಂಟು.

ಇಷ್ಟನ್ನೂ ಹೇಳಿದ ಮೇಲೂ ಹುಡುಗನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಮಳೆಯಲ್ಲಿಯೇ ಕಾಫಿ ಕಣಕ್ಕೆ ಕರೆದುಕೊಂಡು ಹೋದೆ. ಆಗಸ್ಟ್‌ನಲ್ಲಿ ನಮ್ಮ ಸಿಮೆಂಟು ಕಣದ ಮೇಲೆ ಪಾಚಿ ಹಸಿರು ಬಟ್ಟೆ ಹಾಸಿದಂತಿರುತ್ತದೆ, ನಡೆಯುವಾಗ ಕಾಲ್ಬೆರಳು ಊರಿಯೇ ನಡೆಯಬೇಕು. ಗಂಟು ಟೈರಿನ ನಮ್ಮ ತೋಟದ ಜೀಪು ಫೋರ್ ವೀಲ್‌ನಲ್ಲಿ ಕಣಕ್ಕೆ ಏರುವ ಪಾಚಿಯ ಇಳಿಜಾರನ್ನು ಒಂದೇ ಉಸಿರಿಗೆ ಹತ್ತಿತು; ಅವನ ಸಣ್ಣ ಕಾರು ಮೂರು ಸಲ ಪ್ರಯತ್ನಿಸಿ, ಕೊನೆಗೆ ಹಿಮ್ಮುಖವಾಗಿ ಹತ್ತಿತು, ಆಗ ಎಂಜಿನ್ನಿನ ಭಾರ ಇಳಿಜಾರಿನ ಕೆಳಬದಿಗೆ ಬಂದು ಎಳೆಯುವ ಚಕ್ರಗಳನ್ನು ಒತ್ತುತ್ತದೆ. ಬಳಿಕ ಎರಡನ್ನೂ 20 ಕಿ.ಮೀ. ವೇಗದಲ್ಲಿ ಓಡಿಸಿ, ನೆಟ್ಟ ಕೋಲಿನ ಬಳಿ ಪೂರ್ತಿ ಬ್ರೇಕ್ ಒತ್ತಲು ಹೇಳಿದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರು ಗಡಗಡ ಎನ್ನುತ್ತ ನೇರವಾಗಿ ಹನ್ನೊಂದು ಹೆಜ್ಜೆಗೆ ನಿಂತಿತು. ಎಬಿಎಸ್ ಇಲ್ಲದ ಜೀಪು ಓರೆಯಾಗಿ ಜಾರಿ ಹದಿನಾರನೆಯ ಹೆಜ್ಜೆಗೆ ನಿಂತಿತು. ಅವನು ತಾನೇ ಇಳಿದು ಇನ್ನೊಮ್ಮೆ ಅಳೆದ.

ಕಾರನ್ನು ಮಾರುವ ಮಾತನ್ನು ಆಮೇಲೆ ಅವನು ಎತ್ತಲಿಲ್ಲ. ಸೆಪ್ಟೆಂಬರಿನಲ್ಲಿ ತನ್ನ ಟೈರಿನ ಅಳತೆಗೆ ಸರಿಯಾದ ಸರಪಳಿಯ ಜೋಡಿ ತರಿಸಿಕೊಂಡು ಮತ್ತೆ ಬಂದ. ದನದ ಕೊಟ್ಟಿಗೆಯ ಎದುರಿನ ಕೆಸರಿನಲ್ಲಿ ಮಂಡಿಯೂರಿ ಮೊದಲ ಸಲ ಹಾಕಲು ಇಪ್ಪತ್ತೈದು ನಿಮಿಷ ಹಿಡಿಯಿತು, ನಾಲ್ಕನೆಯ ಸಲಕ್ಕೆ ಒಂಬತ್ತು. ಈಗ ಉಲ್ಲನ್ ಕೈಗವಸು ಹಾಕಿಕೊಂಡು, ಟಾರ್ಚ್ ಬೆಳಕಿನಲ್ಲಿ ಅದೇ ಕೆಲಸ ಮಾಡಿಸುತ್ತಿದ್ದೇನೆ.