ಹಾಂಗ್‌ಕಾಂಗ್‌ನ ದುಬಾರಿ ಡಿಮ್ ಸಮ್: ನಾನು ಆರ್ಡರ್ ಮಾಡುವ ರೀತಿ

ಊರಿಂದ ಬಂದವರು "ಒಂದ್ಸಲ ದೊಡ್ಡ ಹೋಟೆಲಲ್ಲಿ ಚೈನೀಸ್ ತಿನ್ನಬೇಕು" ಅಂದರೆ ನಾನು ಅವರನ್ನು ರಾತ್ರಿ ಊಟಕ್ಕೆ ಕರೆದುಕೊಂಡು ಹೋಗುವುದಿಲ್ಲ. ಮಧ್ಯಾಹ್ನ ಡಿಮ್ ಸಮ್‌ಗೆ ಕರೆದುಕೊಂಡು ಹೋಗುತ್ತೇನೆ, ಅಂದರೆ ಹೆಚ್ಚಾಗಿ ಪುಟ್ಟ ಬುಟ್ಟಿಗಳಲ್ಲಿ ಹಬೆಯಲ್ಲಿ ಬೇಯಿಸಿ ತರುವ ಕಡುಬಿನಂಥ ತಿಂಡಿಗಳಿಗೆ. ಅದೇ ಅಡುಗೆಮನೆ, ಅದೇ ಬಿಳಿ ಮೇಜುಬಟ್ಟೆ, ಕಿಟಕಿಯಾಚೆ ಅದೇ ವಿಕ್ಟೋರಿಯಾ ಹಾರ್ಬರ್. ಬಿಲ್ ಮಾತ್ರ ರಾತ್ರಿಗಿಂತ ಎಷ್ಟೋ ಕಡಿಮೆ. ಇನ್ನೊಂದು ವಿಷಯ, ಇಂಥ ಕ್ಯಾಂಟನೀಸ್ (ದಕ್ಷಿಣ ಚೀನಾದ ಅಡುಗೆಯ) ರೆಸ್ಟೋರೆಂಟುಗಳಲ್ಲಿ ಹೆಚ್ಚಿನವು ರಾತ್ರಿ ಡಿಮ್ ಸಮ್ ಮಾಡುವುದೇ ಇಲ್ಲ. ಅದು ಬೆಳಗಿನಿಂದ ಮಧ್ಯಾಹ್ನದವರೆಗೆ ಟೀ ಜೊತೆ ತಿನ್ನುವ ತಿಂಡಿ. ಎರಡೂವರೆ ಹೊತ್ತಿಗೆ ಕೊನೆ ಆರ್ಡರ್ ಕೇಳಿಬಿಡುತ್ತಾರೆ. ಹಾಗಾಗಿ ಹನ್ನೆರಡರ ಟೇಬಲ್ ಹಿಡಿಯಿರಿ. ಭಾನುವಾರ ಬೇಡ, ಅಜ್ಜ-ಅಜ್ಜಿ ಮೊಮ್ಮಕ್ಕಳ ಸಮೇತ ಇಡೀ ಊರೇ ಅಲ್ಲಿರುತ್ತದೆ.

ಇಷ್ಟು ದುಡ್ಡು ಕೊಡುವುದು ಯಾತಕ್ಕೆ ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಫೋರ್ ಸೀಸನ್ಸ್ ಹೋಟೆಲಿನ ಲುಂಗ್ ಕಿಂಗ್ ಹೀನ್‌ಗೆ 2009ರ ಮಿಶೆಲಿನ್ ಗೈಡ್‌ನಲ್ಲಿ ಮೂರು ಸ್ಟಾರ್ ಬಂತು. ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡುವ ಈ ಗೈಡ್‌ನಲ್ಲಿ ಮೂರೇ ಅತಿ ಹೆಚ್ಚು. ಚೈನೀಸ್ ರೆಸ್ಟೋರೆಂಟಿಗೆ ಮೂರು ಸ್ಟಾರ್ ಸಿಕ್ಕಿದ್ದು ಅದೇ ಮೊದಲು. ಆಗ ಅಲ್ಲಿನ ಮುಖ್ಯ ಬಾಣಸಿಗ ಚಾನ್ ಯಾನ್-ಟಾಕ್. ಅದೇ ಅಡುಗೆಮನೆಯಲ್ಲಿ ಡಿಮ್ ಸಮ್ ಮಾಡುತ್ತಿದ್ದ ಮಾಕ್ ಕ್ವಾಯ್-ಪುಯ್ 2009ರಲ್ಲಿ ಹೊರಗೆ ಬಂದು ಮೋಂಗ್ ಕಾಕ್ ಬಡಾವಣೆಯಲ್ಲಿ ಟಿಮ್ ಹೋ ವಾನ್ ಅನ್ನುವ ಪುಟ್ಟ ಅಂಗಡಿ ತೆರೆದರು. ಅದಕ್ಕೂ ಒಂದು ಸ್ಟಾರ್ ಬಂತು. ಅಂದರೆ ಒಳ್ಳೆಯ ಡಿಮ್ ಸಮ್ ಸೋವಿಯಾಗಿಯೂ ಸಿಗುತ್ತದೆ. ಬರೀ ರುಚಿಗೆ ಅಂತ ಐದು ಪಟ್ಟು ದುಡ್ಡು ಕೊಡಬೇಕಾಗಿಲ್ಲ.

ಹಾಗಾದರೆ ಕೊಡುವುದು ಯಾತಕ್ಕೆ? ನನ್ನ ಪ್ರಕಾರ ಎರಡಕ್ಕೆ. ಒಂದು, ಹೊರಗಿನ ತೆಳು ಪದರ. ಇನ್ನೊಂದು, ಸಮಯ. ಒಳಗಿನ ಹೂರಣವನ್ನು ಯಾರು ಬೇಕಾದರೂ ರುಚಿ ಮಾಡಬಹುದು. ಪದರ ಹಾಗಲ್ಲ.

ಹಾರ್ ಗಾವ್ ತೆಗೆದುಕೊಳ್ಳಿ. ಸೀಗಡಿ ತುಂಬಿದ, ಗಾಜಿನಂತೆ ಹೊಳೆಯುವ ಕಡುಬು. ಅದರ ಹಿಟ್ಟು ಮೈದಾ ಅಲ್ಲ. ಗೋಧಿಯ ಅಂಟು ತೆಗೆದು ಉಳಿದ ಪಿಷ್ಟ, ಅದಕ್ಕೆ ಮರಗೆಣಸಿನ ಪಿಷ್ಟ. ನಮ್ಮ ಅಕ್ಕಿ ರೊಟ್ಟಿಗೆ ಮಾಡಿಕೊಳ್ಳುವ ಹಾಗೆಯೇ ಇದನ್ನೂ ಕುದಿಯುವ ನೀರು ಹಾಕಿ ಉಕ್ಕರಿಸಿಕೊಳ್ಳಬೇಕು. ನೀರಿನ ಬಿಸಿ ಕಡಿಮೆಯಾದರೆ ಹಿಟ್ಟು ಒಂದಾಗುವುದಿಲ್ಲ. ಆಮೇಲೆ ಲಟ್ಟಣಿಗೆ ಮುಟ್ಟುವುದಿಲ್ಲ. ಎಣ್ಣೆ ಸವರಿದ ಅಗಲ ಕತ್ತಿಯ ಮೈಯಿಂದ ಪುಟ್ಟ ಉಂಡೆಯನ್ನು ಒತ್ತಿ ತಿರುಗಿಸಿದರೆ ತೆಳುವಾದ ಬಿಲ್ಲೆ ಆಗುತ್ತದೆ. ಅದರ ಅಂಚಿಗೆ ಹತ್ತಕ್ಕೂ ಹೆಚ್ಚು ಮಡಿಕೆ ಹಾಕಿ ಮುಚ್ಚುತ್ತಾರೆ. ನಾನು ಮನೆಯಲ್ಲಿ ಪ್ರಯತ್ನಪಟ್ಟಿದ್ದೇನೆ. ಮಡಿಕೆ ಬರುತ್ತದೆ, ತೆಳು ಬರುವುದಿಲ್ಲ.

ಅದಕ್ಕೇ ಹೊಸ ರೆಸ್ಟೋರೆಂಟಿಗೆ ಹೋದಾಗ ಮೊದಲು ಹಾರ್ ಗಾವ್ ತರಿಸುತ್ತೇನೆ. ಚಾಪ್‌ಸ್ಟಿಕ್‌ನಲ್ಲಿ ಎತ್ತಿದಾಗ ಹರಿಯಬಾರದು. ಬುಟ್ಟಿಯ ಕಾಗದಕ್ಕೂ ಪಕ್ಕದ ಕಡುಬಿಗೂ ಅಂಟಿರಬಾರದು. ಒಳಗಿನ ಸೀಗಡಿಯ ಕೆಂಪು ಹೊರಗೆ ಕಾಣಬೇಕು. ಕಚ್ಚಿದರೆ ಸೀಗಡಿ ಮೆತ್ತಗಿರದೆ ಕರಕ್ ಅನ್ನಬೇಕು. ತಣ್ಣೀರಿನ ಧಾರೆಯಲ್ಲಿ ಬಹಳ ಹೊತ್ತು ತೊಳೆದರೇ ಆ ಗುಣ ಬರುವುದು. ಕುಂದಾಪುರದವಳಾದ ನನಗೆ ಸೀಗಡಿ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಆದರೆ ಈ ಕರಕರ ನಮ್ಮ ಕಡೆಯ ಅಡುಗೆಯಲ್ಲಿ ನಾನು ಕಂಡಿಲ್ಲ.

ಸಮಯ ಅಂದೆನಲ್ಲ, ಅದೂ ಇದಕ್ಕೇ ಸೇರಿದ್ದು. ಪಿಷ್ಟದ ಪದರ ಆರಿದರೆ ಗಟ್ಟಿಯಾಗುತ್ತದೆ. ಹಬೆಯಿಂದ ಇಳಿದ ಕೆಲವೇ ನಿಮಿಷಗಳಲ್ಲಿ ತಿನ್ನಬೇಕು. ಹಳೇ ಕಾಲದ ಟೀ ಮನೆಗಳಲ್ಲಿ ಬುಟ್ಟಿಗಳನ್ನು ತಳ್ಳುಗಾಡಿಯಲ್ಲಿ ತರುತ್ತಿದ್ದರು. ನೋಡಲು ಚಂದ, ಆದರೆ ಗಾಡಿ ನಿಮ್ಮ ಟೇಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ದುಬಾರಿ ಜಾಗದಲ್ಲಿ ಗಾಡಿ ಇಲ್ಲ. ಹೇಳಿದ ಮೇಲೆಯೇ ಹಬೆಗಿಡುತ್ತಾರೆ.

ಆ ಅನುಕೂಲ ಸಿಗಬೇಕಾದರೆ ನೀವೂ ಎಲ್ಲವನ್ನೂ ಒಟ್ಟಿಗೆ ಹೇಳಬಾರದು. ಒಮ್ಮೆಲೇ ಹತ್ತು ಬುಟ್ಟಿ ಬಂದರೆ ಆರು ತಣ್ಣಗಾಗುತ್ತವೆ. "ಎರಡೆರಡಾಗಿ ತನ್ನಿ" ಅಂತ ನಾನು ಮೊದಲೇ ಹೇಳುತ್ತೇನೆ. ಮೊದಲು ಹಬೆಯವು: ಹಾರ್ ಗಾವ್, ಹಂದಿಮಾಂಸ-ಸೀಗಡಿಯ ಸಿಯು ಮಾಯ್. ಆಮೇಲೆ ಚೆಯೊಂಗ್ ಫನ್, ಅಂದರೆ ಅಕ್ಕಿ ಹಿಟ್ಟಿನ ಜಾರುವ ಹಾಳೆಯ ಸುರುಳಿ. ಕರಿದದ್ದು, ಬೇಕ್ ಮಾಡಿದ್ದು ಅದಾದ ಮೇಲೆ. ಇಲ್ಲದಿದ್ದರೆ ಬಾಯಿಗೆ ಜಿಡ್ಡು ಹತ್ತಿ ಹಾರ್ ಗಾವ್ ಸಪ್ಪೆ ಅನ್ನಿಸುತ್ತದೆ. ಸಾರು ತುಂಬಿದ ಶಾವ್ ಲಾಂಗ್ ಬಾವ್ ಮೆನುವಿನಲ್ಲಿದ್ದರೂ ನಾನು ಹೇಳುವುದಿಲ್ಲ. ಅದು ಶಾಂಘಾಯ್ ಕಡೆಯದು, ಅವರ ಹೋಟೆಲಲ್ಲೇ ತಿನ್ನೋಣ.

ಬುಟ್ಟಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಇರುತ್ತವೆ. ನಾಲ್ಕು ಜನ ಹೋಗಿ ಮೂರರ ಬುಟ್ಟಿ ಬಂದರೆ ಇರಿಸುಮುರಿಸು, ಅಲ್ವಾ? "ಒಂದು ಜಾಸ್ತಿ ಹಾಕಿ" ಅಂದರೆ ಹಾಕುತ್ತಾರೆ, ಅದಕ್ಕಷ್ಟೇ ದುಡ್ಡು. ಇದನ್ನು ಕೇಳಲು ಸಂಕೋಚ ಬೇಡ, ಇಲ್ಲಿನವರೂ ಕೇಳುತ್ತಾರೆ.

ಇನ್ನು ಸಸ್ಯಾಹಾರಿಗಳ ಮಾತು. ನನ್ನ ಗೆಳತಿ ಮೈಸೂರಿನಿಂದ ಅಮ್ಮನ ಜೊತೆ ಬಂದಿದ್ದಳು. ಗೆಳತಿ ಎಲ್ಲಾ ತಿನ್ನುತ್ತಾಳೆ, ಆಂಟಿ ಮೊಟ್ಟೆ ಕೂಡ ಮುಟ್ಟುವುದಿಲ್ಲ. "ನಾನು ಸುಮ್ನೆ ಟೀ ಕುಡೀತಾ ಕೂತಿರ್ತೀನಿ ಬಿಡಮ್ಮ" ಅಂದರು. ಹಾಗೆ ಕೂರಿಸುವ ಅಗತ್ಯ ಇರಲಿಲ್ಲ. ಇಲ್ಲಿ ಬೌದ್ಧರ ಸಸ್ಯಾಹಾರ ಹಳೆಯ ಪದ್ಧತಿ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಟೇಬಲ್ ಕಾಯ್ದಿರಿಸುವಾಗಲೇ ಹೇಳಿದರೆ ದೊಡ್ಡ ಅಡುಗೆಮನೆಗಳು ಬೇರೆಯಾಗಿ ಮಾಡಿಕೊಡುತ್ತವೆ. ಹೋಗಿ ಕೂತ ಮೇಲೆ ಹೇಳಿದರೆ ಕಷ್ಟ.

ಆದರೆ "ವೆಜಿಟೇರಿಯನ್" ಅನ್ನುವ ಒಂದೇ ಮಾತು ಸಾಲದು. ಬಿಡಿಸಿ ಹೇಳಬೇಕು. ಹೆಸರು ಮೂಲಂಗಿ ಕೇಕ್ ಅಂತಿದ್ದರೂ ಒಳಗೆ ಒಣ ಸೀಗಡಿ, ಹಂದಿ ಸಾಸೇಜ್ ಇರುತ್ತದೆ. ಸೊಪ್ಪಿನ ಪಲ್ಯಕ್ಕೆ ಮಾಂಸದ ಸಾರು ಹಾಕಿರುತ್ತಾರೆ, ಮೇಲೆ ಚಿಪ್ಪುಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್. ಪದರ ಪದರವಾಗಿ ಬಿಡುವ ಪೇಸ್ಟ್ರಿಗೆ ಹಂದಿ ಕೊಬ್ಬು ಹಾಕುವುದು ಮಾಮೂಲು. ಎಕ್ಸ್‌ಒ ಸಾಸ್ ಅಂತ ಕೊಡುವ ಖಾರದಲ್ಲಿ ಒಣ ಸೀಗಡಿ, ಒಣ ಚಿಪ್ಪುಜೀವಿ, ಹ್ಯಾಮ್ ಎಲ್ಲಾ ಇದೆ. ನಾನು ಈ ಪಟ್ಟಿಯನ್ನು ಚೀನೀ ಅಕ್ಷರದಲ್ಲಿ ಸಹೋದ್ಯೋಗಿಯೊಬ್ಬರಿಂದ ಬರೆಸಿ ಫೋನಿನಲ್ಲಿಟ್ಟುಕೊಂಡಿದ್ದೇನೆ. ಇಂಥ ಹೋಟೆಲುಗಳಲ್ಲಿ ಇಂಗ್ಲಿಷ್ ನಡೆಯುತ್ತದೆ, ಆದರೂ ಒಳಗಿನ ಅಡುಗೆಯವರಿಗೆ ಆ ಚೀಟಿಯೇ ತಲುಪುವುದು ಒಳ್ಳೆಯದು. ಆಂಟಿಗೆ ಅಣಬೆ, ಬಿದಿರು ಕಳಲೆ ತುಂಬಿದ ಹಬೆ ಕಡುಬು ಬಂತು. ಸೋಯಾ ಹಾಲಿನ ಕೆನೆಯ ಹಾಳೆಯಲ್ಲಿ ಸುತ್ತಿದ ತರಕಾರಿಯೂ ಬಂತು. ಕಳಲೆ ಸಿಕ್ಕಿದ್ದೇ ತಡ, ಅವರ ತವರು ಸಾಗರದ ಮಳೆಗಾಲದ ಕಥೆ ಶುರುವಾಯಿತು. ಇನ್ನೊಂದು ಬುಟ್ಟಿ ಹೇಳಿದೆವು.

ಟೀ ವಿಷಯಕ್ಕೆ ಬಂದರೆ, ಇಲ್ಲಿ ನೀರಿನ ಬದಲು ಟೀ. ಕೂತ ತಕ್ಷಣ ಯಾವ ಟೀ ಅಂತ ಕೇಳುತ್ತಾರೆ. ಜಿಡ್ಡಿನ ತಿಂಡಿ ಜಾಸ್ತಿ ಇದ್ದರೆ ಪುಆರ್, ಅಂದರೆ ಹುದುಗಿಸಿದ ಚೀನೀ ಟೀ. ಅದರ ಮಣ್ಣಿನ ವಾಸನೆ ಕೆಲವರಿಗೆ ಹಿಡಿಸುವುದಿಲ್ಲ, ಅವರಿಗೆ ಒಣ ಸೇವಂತಿಗೆ ಬೆರೆಸಿದ ಪುಆರ್ ಹೇಳಿ. ಹಾಲು, ಸಕ್ಕರೆ ಕೇಳುವುದು ಬೇಡ. ಯಾರಾದರೂ ಬಟ್ಟಲಿಗೆ ಟೀ ಸುರಿದಾಗ ಎರಡು ಬೆರಳು ಮಡಚಿ ಮೇಜಿಗೆ ತಟ್ಟಿದರೆ ಅದೇ ಥ್ಯಾಂಕ್ಸ್. 18ನೇ ಶತಮಾನದ ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುವಾಗ ಸೇವಕನಿಗೆ ತಾನೇ ಟೀ ಸುರಿದನಂತೆ. ಅಡ್ಡಬಿದ್ದರೆ ಗುಟ್ಟು ಬಯಲಾಗುತ್ತದೆ ಅಂತ ಸೇವಕ ಬೆರಳಲ್ಲೇ ನಮಸ್ಕಾರ ಮಾಡಿದನಂತೆ. ಕಥೆ ನಿಜವೋ ಸುಳ್ಳೋ, ಪದ್ಧತಿ ಮಾತ್ರ ಬಹಳ ಉಪಯೋಗದ್ದು. ಮಾತು ನಿಲ್ಲಿಸಬೇಕಾಗಿಲ್ಲ. ಕೆಟಲ್ ಖಾಲಿಯಾದರೆ ಮುಚ್ಚಳ ಓರೆಯಾಗಿಟ್ಟರೆ ಸಾಕು, ಬಿಸಿನೀರು ತುಂಬಿಸುತ್ತಾರೆ.

ಒಬ್ಬೊಬ್ಬರಿಗೂ ಎರಡು ಜೊತೆ ಚಾಪ್‌ಸ್ಟಿಕ್ ಇಟ್ಟಿರುತ್ತಾರೆ, ಬಣ್ಣ ಬೇರೆ. ಒಂದು ಬುಟ್ಟಿಯಿಂದ ತಟ್ಟೆಗೆ ಹಾಕಿಕೊಳ್ಳಲು, ಇನ್ನೊಂದು ತಿನ್ನಲು. 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸೋಂಕುರೋಗ ಬಂದ ಮೇಲೆ ಈ ಅಭ್ಯಾಸಕ್ಕೆ ಇಲ್ಲಿ ತುಂಬಾ ಒತ್ತು ಸಿಕ್ಕಿತು. ನಮ್ಮ ಎಂಜಲಿನ ಲೆಕ್ಕಾಚಾರ ಆಂಟಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರೇ ನಮ್ಮಿಬ್ಬರನ್ನು ತಿದ್ದುತ್ತಿದ್ದರು.

ಬಿಲ್ ನೋಡಿ ಗಾಬರಿಯಾಗಬೇಡಿ. ಟೀಗೆ ತಲೆಗಿಷ್ಟು ಅಂತ ಹಾಕಿರುತ್ತಾರೆ. ಮೊದಲೇ ಮೇಜಿನ ಮೇಲಿಟ್ಟ ಕಡಲೆ, ಉಪ್ಪಿನಕಾಯಿಗೂ ಎಷ್ಟೋ ಕಡೆ ದುಡ್ಡಿದೆ. ಬೇಡವಾದರೆ ಕೂತಾಗಲೇ ವಾಪಸ್ ಕಳಿಸಬಹುದು. ಎಲ್ಲದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್. ಒಂದು ಬುಟ್ಟಿಗೆ ನೂರು ಹಾಂಗ್‌ಕಾಂಗ್ ಡಾಲರಿನ ಆಸುಪಾಸು ಅಂತ ಇಟ್ಟುಕೊಳ್ಳಿ, ಅಂದರೆ ಸಾವಿರ ರೂಪಾಯಿ ದಾಟುತ್ತದೆ. ಒಬ್ಬರಿಗೆ ಮೂರು ಬುಟ್ಟಿಯ ಲೆಕ್ಕ ಹಿಡಿದರೆ ಹೊಟ್ಟೆ ತುಂಬುತ್ತದೆ. ಚಡ್ಡಿ, ಚಪ್ಪಲಿ ಹಾಕಿಕೊಂಡು ಹೋದರೆ ಬಾಗಿಲಲ್ಲೇ ತಡೆಯುವ ಕಡೆಗಳೂ ಇವೆ.

ಉಳಿದರೆ ಕಟ್ಟಿಕೊಡುತ್ತಾರೆ. ಹಾರ್ ಗಾವ್ ಮಾತ್ರ ಮನೆಗೆ ಒಯ್ಯಬೇಡಿ, ಅಲ್ಲೇ ಯಾರಾದರೂ ಮುಗಿಸಿಬಿಡಿ. ಮೂಲಂಗಿ ಕೇಕ್ ಒಯ್ಯಬಹುದು. ಮಾರನೇ ದಿನ ಬೆಳಗ್ಗೆ ಕಾವಲಿಯ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಬೇಯಿಸಿ. ಹೋಟೆಲಲ್ಲಿ ತಿಂದದ್ದಕ್ಕಿಂತ ಚೆನ್ನಾಗಿರುತ್ತದೆ.